ಗಡಿಯ ಓಡಿನ ಪಾಚಿ

ಒಂದೇ ಸೂರಿನ ಕೆಳಗೆ ಏಳು ಮನೆಗಳಿದ್ದು, ಅವುಗಳಲ್ಲಿ ಒಂದಕ್ಕೆ ಬೀಗ ಬಿದ್ದಿದ್ದರೆ, ಆ ಬೀಗದ ಮನೆಯ ಮೇಲೆ ಬೆಳೆದ ಪಾಚಿ ಯಾರದು? ಉತ್ತರ ಸುಲಭವೆಂದು ನಿಮಗೆ ತೋರಬಹುದು. ಮನೆ ಯಾರದೋ ಪಾಚಿಯೂ ಅವರದೇ ಎಂದು ಕಾಲೇಜಿನ ಚರ್ಚಾಸ್ಪರ್ಧೆಯ ವೇದಿಕೆಯಲ್ಲಿ ನಾನು ನಿರಾಯಾಸವಾಗಿ ವಾದಿಸಬಲ್ಲವಳಾಗಿದ್ದೆ. ಎದುರು ಪಕ್ಷದಲ್ಲಿ ನಿಲ್ಲಿಸಿದ್ದರೆ, ನೀರು ಯಾರ ಮನೆಯೊಳಗೆ ಇಳಿಯುತ್ತದೋ ಪಾಚಿ ಅವರದು ಎಂದು ಅಷ್ಟೇ ಹುರುಪಿನಿಂದ ಸಾಧಿಸುತ್ತಿದ್ದೆ. ಎರಡೂ ವಾದಗಳು ಗೆಲ್ಲಬಹುದಾದಂಥವು. ಆದರೆ ಒಂದು ಮಳೆಗಾಲದಲ್ಲಿ ಎರಡೂ ವಾದಗಳು ಸೋತು, ಪಾಚಿಯೊಂದೇ ಗೆದ್ದದ್ದನ್ನು ನಾನು ಕಣ್ಣಾರೆ ಕಂಡೆ.

ಹೋದ ವಾರ ಕೊಯಮತ್ತೂರಿನಲ್ಲಿ ನಾನು ಪಾಠ ಹೇಳುವ ಕಾಲೇಜಿನ ಹಿಂಬದಿಯ ಮೆಟ್ಟಿಲಿಗೆ ಬ್ಲೀಚಿಂಗ್ ಪೌಡರ್ ಎರಚಿದ್ದರು. ಹಸಿರು ಹಾವಸೆ ಕಟ್ಟಿ ಹುಡುಗಿಯರು ಜಾರಿ ಬೀಳುತ್ತಿದ್ದರಂತೆ. ಮೂಗಿನೊಳಗೆ ಚುಚ್ಚುವ ಆ ವಾಸನೆ ತಾಗಿದ ಕೂಡಲೇ ನಾನು ಮೆಟ್ಟಿಲ ಪಕ್ಕದ ಗೋಡೆ ಹಿಡಿದು ನಿಂತೆ. ಜೊತೆಯಲ್ಲಿದ್ದ ಸಹೋದ್ಯೋಗಿ ತಲೆಸುತ್ತು ಬಂತೇ ಎಂದು ಕೇಳಿದರು. ಇಲ್ಲ, ಅತ್ತೆಯ ಮನೆ ನೆನಪಾಯಿತು ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಅನ್ನೂರು ದಾಟಿ ಸ್ವಲ್ಪ ಮುಂದೆ ಹೋದರೆ ನಮ್ಮವರ ನೇಕಾರ ಬೀದಿಯೊಂದಿದೆ. ಎಷ್ಟೋ ತಲೆಮಾರುಗಳ ಹಿಂದೆ ಕನ್ನಡದ ಮೇಲುನಾಡಿನಿಂದ ಮಗ್ಗ ಹೊತ್ತು ಬಂದವರು ಎನ್ನುತ್ತಾರೆ; ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಓದು ಮುಗಿದು ಕೆಲಸ ಸಿಗುವ ನಡುವಿನ ಬಿಡುವಿನಲ್ಲಿ, ನಾನು ಆ ಬೀದಿಯ ಹೆಂಗಸರಿಗೆ ಕನ್ನಡದ ಅಕ್ಷರ ಕಲಿಸುತ್ತೇನೆಂದು ಹೊರಟೆ. ಅಕ್ಷರ ಬಂದರೆ ಹಕ್ಕಿನ ಅರಿವು ಬರುತ್ತದೆ, ಅರಿವು ಬಂದರೆ ಕೂಲಿ ಕೇಳುವ ಧೈರ್ಯ ಬರುತ್ತದೆ ಎಂಬುದು ನನ್ನ ನಂಬಿಕೆಯಾಗಿತ್ತು, ಈಗಲೂ ಹೌದು. ಉಳಿದುಕೊಂಡದ್ದು ನನ್ನ ತಂದೆಯ ಅಕ್ಕ ರಾಜಮ್ಮ ಅತ್ತೆಯ ಮನೆಯಲ್ಲಿ. ಹೋದದ್ದು ತಮಿಳರ ಆಡಿ, ನಮ್ಮ ಆಷಾಢದ ಗಾಳಿಯಲ್ಲಿ, ಹಿಂದಿರುಗಿದ್ದು ಕಾರ್ತಿಕದ ಕೊನೆಗೆ. ಆ ವರ್ಷ ಪಾಲಕ್ಕಾಡು ಕಣಿವೆಯಿಂದ ಬರುವ ತುಂತುರು ನಿಲ್ಲಲೇ ಇಲ್ಲ. ಅದು ನಿಲ್ಲುವುದರೊಳಗೆ ಮೂಡಣದ ದೊಡ್ಡ ಮಳೆ ಶುರುವಾಗಿತ್ತು.

ಬೀದಿಯ ಬಡಗಣ ಸಾಲಿನ ಏಳು ಮನೆಗಳಿಗೆ ಮೇಲೆ ಒಂದೇ ಸೂರು. ನಡುಗೋಡೆಗಳು ಕೆಳಗೆ ಮಾತ್ರ. ಮೇಲೆ ನೆತ್ತಿಯ ಒಂದೇ ತೊಲೆ ಈ ತುದಿಯಿಂದ ಆ ತುದಿಗೆ ಓಡುತ್ತದೆ. ಹೊದಿಸಿದ್ದು ಅರೆದುಂಡಗಿನ ನಾಡ ಹೆಂಚು. ಬೀದಿಯವರು ಅದನ್ನು ಓಡು ಎನ್ನುತ್ತಾರೆ. ಒಂದು ಸಾಲು ಓಡು ಅಂಗಾತ ಮಲಗಿ ಕಾಲುವೆಯಾದರೆ, ಅದರ ಅಂಚಿನ ಮೇಲೆ ಇನ್ನೊಂದು ಸಾಲು ಕವುಚಿ ಕುಳಿತಿರುತ್ತದೆ. ಎರಡು ಮನೆಗಳ ಗಡಿಯಲ್ಲಿ ಕವುಚಿದ ಓಡು ಇಬ್ಬರಿಗೂ ಸೇರಿದ್ದು. ಅದರ ಒಂದು ಕಾಲು ಈ ಮನೆಯ ಕಾಲುವೆಯ ಮೇಲೆ, ಇನ್ನೊಂದು ಕಾಲು ಆ ಮನೆಯ ಕಾಲುವೆಯ ಮೇಲೆ.

ಹಿಂದಿನ ಬೀದಿಯಲ್ಲಿ ಯಾರೋ ಮೂರು ಮಾಳಿಗೆಯ ಮನೆ ಎಬ್ಬಿಸಿದ ಮೇಲೆ ಈ ಸಾಲಿನ ಹಿಂಬದಿಯ ಸೂರಿಗೆ ಬಿಸಿಲು ತಪ್ಪಿಹೋಯಿತು. ಅತ್ತೆಯ ಮನೆಗೆ ಪಡುವಣದಲ್ಲಿ ಅಂಟಿಕೊಂಡಿದ್ದ ಬೀಗದ ಮನೆಯ ಮೇಲೆ ಹೊಂಗೆ ಮರದ ಎಲೆಯೂ ಉದುರುತ್ತಿತ್ತು. ಮೊದಲು ಹಾವಸೆ ಹಸಿರು ಬಣ್ಣ ಬಳಿದಂತೆ ಹರಡಿತು. ಒಣಗಿದ ಗಂಜಿಯ ಚಕ್ಕೆಯಂತೆ ಬೂದುಬಣ್ಣದ ಕಲ್ಲುಹೂವು ಅಲ್ಲಲ್ಲಿ ಎದ್ದಿತು. ಅದರ ಮೇಲೆ ಎಲೆ ಕೊಳೆತು ಮಣ್ಣಾಗಿ, ಕಾಲುವೆಗಳೊಳಗೆ ಪಾಚಿ ದಿಂಬಿನಂತೆ ಕುಳಿತಿತು. ಹಿಂದಿನ ಮನೆಯ ಮಾಳಿಗೆ ಹತ್ತಿ ನಾನು ಮೊದಲ ಸಲ ನೋಡಿದಾಗ ಅದು ಚೆಂದವಾಗಿಯೇ ಕಂಡಿತು ಎಂದು ಹೇಳದಿದ್ದರೆ ಸುಳ್ಳಾಗುತ್ತದೆ. ಕೆಳಗೆ ಬಂದು ಕಲ್ಲುಹೂವಿನ ವಿಷಯ ಹೇಳಿದರೆ ಅತ್ತೆ, ಕಿತ್ತು ತಂದಿದ್ದರೆ ಹುಳಿ ಕುಳಂಬಿನ ಮಸಾಲೆಗಾದರೂ ಆಗುತ್ತಿತ್ತಲ್ಲ ಎಂದು ನಕ್ಕರು.

ಆದರೆ ಆ ನಗೆಯ ಹಿಂದೆ ಭಯವಿತ್ತು. ಕಾಲುವೆ ಕಟ್ಟಿದ ನೀರು ಇಳಿಜಾರಿನಲ್ಲಿ ಇಳಿಯದೆ ಅಡ್ಡಕ್ಕೆ ತಿರುಗಿ, ಗಡಿಯ ಓಡಿನ ಕೆಳಗೆ ನುಗ್ಗಿ, ಅತ್ತೆಯ ಮಗ್ಗದ ಮೇಲೆ ತೊಟ್ಟಿಕ್ಕುತ್ತಿತ್ತು. ಅದು ನೆಲದಲ್ಲಿ ಗುಂಡಿ ತೋಡಿ ಕೂರಿಸಿದ ಕುಣಿಮಗ್ಗ; ಬೀದಿಯಲ್ಲಿ ಇನ್ನೂ ಸದ್ದು ಮಾಡುತ್ತಿದ್ದ ಕೊನೆಯದು. ರೇಷ್ಮೆಯೂ ಹತ್ತಿಯೂ ಬೆರೆತ ಸೀರೆಯ ಪಾವು, ಅಂದರೆ ಉದ್ದದ ಎಳೆಗಳ ಹಾಸು, ಗಂಜಿ ಕುಡಿದು ಬಿಗಿಯಾಗಿ ನಿಂತಿರುತ್ತದೆ. ಅದರ ಮೇಲೆ ಪಾಚಿಯ ಕಂದು ನೀರು ಬಿದ್ದರೆ ಗಂಜಿ ಬಿಟ್ಟು ಎಳೆಗಳು ಒಂದಕ್ಕೊಂದು ಅಂಟುತ್ತವೆ, ಕಲೆ ನಿಲ್ಲುತ್ತದೆ. ಪಾವು ಕೊಟ್ಟು ನೇಯಿಸುವ ಮುದಲಾಳಿ ಆಗಲೇ ಒಂದು ಸೀರೆಯನ್ನು ಹಿಂದಕ್ಕೆ ಕಳಿಸಿದ್ದರು. ಇನ್ನೊಂದು ಕೆಟ್ಟರೆ ಪಾವು ಕೊಡಲಾಗುವುದಿಲ್ಲ ಎಂದು, ಗೊಣಗದೆ, ಸಿಟ್ಟಿಲ್ಲದೆ ಹೇಳಿ ಹೋಗಿದ್ದರು. ಪಾವು ನಿಂತರೆ ಅತ್ತೆಗೆ ಉಳಿಯುವುದು ತಿರುಪ್ಪೂರಿನ ಬನಿಯನ್ ಕಂಪನಿಯ ಬಸ್ಸೊಂದೇ. ಮಗ್ಗದ ಮೇಲೆ ತಗಡಿನ ಶೀಟು ಹೊದಿಸಿ ಎಂದು ನಾನು ಸುಲಭವಾಗಿ ಸಲಹೆ ಕೊಟ್ಟೆ. ಶೀಟಿನ ಕಾವಿಗೆ ಎಳೆ ಒಣಗಿ ಪಟಪಟನೆ ಹರಿಯುತ್ತದೆಂದು ಅತ್ತೆ ಎರಡು ಮಾತಿನಲ್ಲಿ ಮುಗಿಸಿದರು.

ಪಾಚಿ ತೆಗೆಯುವುದಕ್ಕೆ ಆ ಬೀದಿಯಲ್ಲಿ ಒಂದು ಕ್ರಮವಿತ್ತು. ಅಮಾವಾಸ್ಯೆಗೆ ಮಗ್ಗಗಳಿಗೆ ರಜೆ. ಮಹಾಲಯ ಅಮಾವಾಸ್ಯೆಯ ದಿನ ಸಾಲಿನವರೆಲ್ಲ ಏಣಿ ಹಾಕಿ ಹತ್ತಿ, ಪಡುವಣ ತುದಿಯಿಂದ ಶುರುಮಾಡಿ ಓಡುಗಳನ್ನು ಕೈಯಿಂದ ಕೈಗೆ ದಾಟಿಸಿ, ಕೆರೆದು, ಒಡೆದದ್ದನ್ನು ಬದಲಿಸಿ ಮತ್ತೆ ಹೊದಿಸುತ್ತಿದ್ದರು. ನಿಯಮ ಒಂದೇ: ಪ್ರತಿ ಮನೆಯ ಮೊದಲ ಓಡನ್ನು ಆ ಮನೆಯವರ ಕೈಯೇ ಎತ್ತಬೇಕು. ಅದಾದ ಮೇಲೆ ಯಾರು ಬೇಕಾದರೂ ಮುಟ್ಟಬಹುದು. ಅದಕ್ಕೆ ಮುಂಚೆ ಯಾರೂ ಮುಟ್ಟುವಂತಿಲ್ಲ. ಮೂಢನಂಬಿಕೆಯೆಂದು ಮೊದಲು ನಾನು ಮೂಗು ಮುರಿದೆ. ಯೋಚಿಸಿ ನೋಡಿದಾಗ ಅದು ವಿವೇಕವೆಂದೇ ತೋರಿತು. ಒಂದೇ ಸೂರು ಹಂಚಿಕೊಂಡವರಿಗೆ, ಇಷ್ಟು ನನ್ನದು, ಈಗ ನೀವು ಬನ್ನಿ ಎಂದು ಹೇಳುವ ದಾರಿ ಅದು.

ಬೀಗದ ಮನೆಯ ಮೊದಲ ಓಡನ್ನು ಎತ್ತಬೇಕಾದವರು ಇಬ್ಬರಿದ್ದರು. ಅಣ್ಣ ರಾಮಲಿಂಗಣ್ಣ ಪೋತ್ತನೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ತಂಗಿ ಸರೋಜಕ್ಕ ಕುನ್ನತ್ತೂರಿನಲ್ಲಿ. ಗಂಡನದು ಕಡಲೆಕಾಯಿ ವ್ಯಾಪಾರ. ತಾಯಿ ತೀರಿದ ಮೇಲೆ ಮನೆ ಯಾರಿಗೆಂದು ಇಬ್ಬರೂ ಕೋರ್ಟಿಗೆ ಹೋಗಿದ್ದರು. ನನಗೆ ಇದರಲ್ಲಿ ಕಷ್ಟವೇನೂ ಕಾಣಲಿಲ್ಲ. ಪಾಲಿನ ಪ್ರಶ್ನೆ ಬೇರೆ, ಪಾಚಿಯ ಪ್ರಶ್ನೆ ಬೇರೆ. ಎರಡನ್ನು ಬಿಡಿಸಿ ಇಟ್ಟರೆ ಸಾಕು. ಇಬ್ಬರೂ ಸಹಿ ಹಾಕಲೆಂದು ಒಪ್ಪಿಗೆಯ ಕಾಗದವೊಂದನ್ನು ತಮಿಳಿನಲ್ಲಿ ಬರೆದುಕೊಂಡೆ. ಕನ್ನಡದಲ್ಲಿ ಬರೆದರೆ ಇಬ್ಬರಿಗೂ ಓದಲು ಬರುತ್ತಿರಲಿಲ್ಲ. ನಾನು ಹೊರಟಾಗ ಅತ್ತೆಯ ಗಂಡ ನಂಜಪ್ಪ ಮಾವ ಜಗಲಿಯಲ್ಲಿ ಎಲೆಯಡಿಕೆ ಮಡಿಸುತ್ತಿದ್ದರು.

"ಮಾತಿನ ಪೈಪೋಟೀಲಿ ಕಪ್ ಗೆದ್ದವಳಲ್ವಾ ಅಮ್ಮಣಿ, ಅಷ್ಟು ದೂರ ಯಾಕೆ ಹೋಗ್ತೀಯ? ಏಣಿ ಹಾಕ್ತೀನಿ, ಹತ್ತಿ ಪಾಸಿಗೇ ಒಂದು ಭಾಷಣ ಮಾಡು. ಬೇಜಾರಾಗಿ ಅದೇ ಇಳಿದು ಹೋಯ್ತದೆ," ಎಂದರು. ಪಾಚಿಗೆ ಮಾವನ ಬಾಯಲ್ಲಿ ಪಾಸಿ ಎಂದೇ ಹೆಸರು.

ಪೋತ್ತನೂರಿನ ಮನೆಯಲ್ಲಿ ರಾಮಲಿಂಗಣ್ಣ ನನಗೆ ಕಾಫಿ ಕೊಡಿಸಿ, ಕಾಗದವನ್ನು ಎರಡು ಸಲ ಓದಿದರು. ಬೀದಿಯವರನ್ನೆಲ್ಲ ಹೆಸರು ಹಿಡಿದು ವಿಚಾರಿಸಿದರು. ಅಡಿಗೆಮನೆಯ ಮೂಲೆ ಈಗಲೂ ಸೋರುತ್ತದೆಯೇ, ಅಮ್ಮ ಅಲ್ಲಿ ಹಿತ್ತಾಳೆ ಅಂಡೆ ಇಡುತ್ತಿದ್ದಳು ಎಂದರು. ಬೀಗ ಹಾಕಿದ ಮನೆಯ ಮೂಲೆ ಸೋರುವುದು ನನಗೆ ಹೇಗೆ ತಿಳಿಯಬೇಕು? ನಾನು ನನ್ನ ವಾದವನ್ನು ಕ್ರಮವಾಗಿ ಮಂಡಿಸಿದೆ. ಅವರು ಎಲ್ಲಿಯೂ ಅಡ್ಡ ಬರದೆ ಕೇಳಿದರು.

"ನೀ ಹೇಳೋದು ನ್ಯಾಯವೇ ಅಮ್ಮಣಿ," ಎಂದರು ಕೊನೆಗೆ. "ಆದ್ರೆ ವಕ್ಕೀಲು ಏನ್ ಹೇಳವ್ರೆ ಗೊತ್ತಾ? ಸೂರು ರಿಪೇರಿ ಮಾಡ್ದವನ ಕೈಯಾಗೆ ಮನೆ ಐತೆ ಅಂತ ಲೆಕ್ಕವಂತೆ. ನಾ ಈ ಕಾಗದಕ್ಕೆ ಕೈಯೆಳುತ್ತು ಹಾಕುದ್ರೆ, ನೋಡು ಅಣ್ಣ ಮನೆ ಹಿಡ್ಕೊಂಡ ಅಂತಾಳೆ. ಅವಳು ಹಾಕುದ್ರೆ ನಾ ಬುಟ್ಟುಕೊಟ್ಟೆ ಅಂತ ಆಯ್ತದೆ. ಮೊದ್ಲು ಅವಳು ಹಾಕ್ಲಿ ಅಂತ ಕೇಳು. ಇಲ್ಲ, ಬೇಡ, ಕೇಳಬೇಡ."

ಕುನ್ನತ್ತೂರಿಗೆ ಹೋದೆ. ಸರೋಜಕ್ಕ ಅಂಗಡಿಯ ಹಿಂದಿನ ಅಂಗಳದಲ್ಲಿ ಕಡಲೆಕಾಯಿ ಒಣಹಾಕಿಸುತ್ತಿದ್ದರು. ಮೋಡ ಕಂಡಾಗಲೆಲ್ಲ ತಾಟುಪಾಳಿನಿಂದ, ಅಂದರೆ ಟಾರ್ಪಾಲಿನಿಂದ, ಮುಚ್ಚಿಸಿ, ಬಿಸಿಲು ಬಂದಾಗ ತೆಗೆಸಿ, ಆ ನಡುವೆ ನನ್ನ ಮಾತು ಕೇಳಿದರು. ಅಣ್ಣನಿಗೆ ರೈಲು ತಳ್ಳುವುದು ಗೊತ್ತು, ಓಡಿನ ವಿಷಯ ಏನು ಗೊತ್ತು ಎಂದು ಹಂಗಿಸಿದರು. ಆಮೇಲೆ ದನಿ ತಗ್ಗಿಸಿ ಅವರೂ ಅಡಿಗೆಮನೆಯ ಅದೇ ಮೂಲೆಯನ್ನು, ಅದೇ ಅಂಡೆಯನ್ನು ಕೇಳಿದರು. ನಿಮ್ಮ ಅಣ್ಣನೂ ಇದನ್ನೇ ಕೇಳಿದರು ಎಂದು ನಾನು ಹೇಳಿದೆ. ಈ ಒಂದು ಮಾತಿಗೆ ಕಲ್ಲೂ ಕರಗುತ್ತದೆ ಎಂದು ಭಾವಿಸಿದ್ದೆ. ಅವರು ಕಡಲೆಕಾಯಿಯನ್ನು ಕಾಲಿನಿಂದ ಹರವುತ್ತ, ಅಣ್ಣ ಮೊದಲು ಸಹಿ ಹಾಕಲಿ ಎಂದರು.

ಅವರ ವಕೀಲರೂ ಅದೇ ಮಾತು ಹೇಳಿದ್ದರು. ಹಿಂದಿರುಗುವ ಬಸ್ಸಿನಲ್ಲಿ ನನಗೆ ಹೊಳೆದದ್ದು ಇದು: ಬೀದಿಯ ಪದ್ಧತಿಯೂ ವಕೀಲರ ಮಾತೂ ಒಂದೇ ನೆಲದ ಮೇಲೆ ನಿಂತಿದ್ದವು. ಮೊದಲ ಓಡು ಎತ್ತಿದವನದೇ ಮನೆ. ಒಂದು, ಜನರನ್ನು ಸೇರಿಸುವುದಕ್ಕಾಗಿ ಹುಟ್ಟಿದ್ದು. ಇನ್ನೊಂದು, ಅವರನ್ನು ಬೇರೆ ಮಾಡಲು ಬಳಕೆಯಾಗುತ್ತಿತ್ತು. ಮಾತು ಮಾತ್ರ ಒಂದೇ. ಇಂಥ ತರ್ಕಕ್ಕೆ ಎದುರುತರ್ಕ ಯಾವುದು? ಉಳಿದದ್ದು ಒಂದೇ ದಾರಿ. ಇಬ್ಬರೂ ಅಮಾವಾಸ್ಯೆಯ ದಿನ ಒಟ್ಟಿಗೆ ಬಂದು, ಇಬ್ಬರ ಕೈಯೂ ಸೇರಿ ಒಂದೇ ಓಡನ್ನು ಎತ್ತಲಿ. ಇಬ್ಬರಿಗೂ ಫೋನಿನಲ್ಲಿ ಹೇಳಿದೆ. ಇಬ್ಬರೂ ನೋಡೋಣ ಎಂದರು.

ಆ ಅಮಾವಾಸ್ಯೆ ಅಪರೂಪಕ್ಕೆ ಬಿಸಿಲು ಬಿದ್ದಿತು. ಪಡುವಣ ತುದಿಯಿಂದ ಓಡುಗಳು ಕೈದಾಟುತ್ತ ಬಂದವು. ಹೆಂಗಸರು ಕೆಳಗೆ ಕುಳಿತು ತೆಂಗಿನ ನಾರಿನ ಬ್ರಷ್ಷಿನಲ್ಲಿ ತಿಕ್ಕಿದರು. ಬೀದಿಯ ತುಂಬ ಹಸಿಮಣ್ಣಿನ ವಾಸನೆ. ನನ್ನ ತರಗತಿಯವರು ಕೆರೆದ ಓಡಿನ ಬೆನ್ನ ಮೇಲೆ ಇದ್ದಿಲಿನಿಂದ ತಮ್ಮ ಹೆಸರು ಬರೆದು ತೋರಿಸಿ ನಗುತ್ತಿದ್ದರು. ರಾಮಲಿಂಗಣ್ಣ ಬೆಳಗಿನ ಬಸ್ಸಿಗೇ ಬಂದಿದ್ದರು. ಒಗೆದ ಬಿಳಿ ಪಂಚೆ ಉಟ್ಟು ಅತ್ತೆಯ ಜಗಲಿಯ ಮೇಲೆ ಕುಳಿತು, ಬೀದಿಯ ಮೂಲೆಯನ್ನೇ ನೋಡುತ್ತಿದ್ದರು. ಕೆಲಸ ಬೀಗದ ಮನೆಯ ಅಂಚಿಗೆ ಬಂದು ನಿಂತಿತು. ಸರೋಜಕ್ಕ ಬಂದಿರಲಿಲ್ಲ. ಫೋನು ಹೋಗುತ್ತಿತ್ತು, ಎತ್ತುತ್ತಿರಲಿಲ್ಲ. ಮೇಲೆ ನಿಂತ ಗಂಡಸರು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕಾದರು. ಊಟದ ಹೊತ್ತು ಮೀರಿತು. ಎಷ್ಟೋ ಹೊತ್ತಿನ ಮೇಲೆ ನಾನು, ನೀವೊಬ್ಬರೇ ಆದರೂ ಹತ್ತಿ, ಅತ್ತೆಯ ಮಗ್ಗ ಉಳಿಯುತ್ತದೆ ಎಂದು ಬೇಡಿಕೊಂಡೆ.

ಅವರು ಅತ್ತೆಯ ಕಡೆ ನೋಡದೆ ಹೇಳಿದರು. "ಇಬ್ರೂ ಎತ್ತುದ್ರೆ ಅದು ಎತ್ತೋದು. ನಾ ಒಬ್ನೇ ಎತ್ತುದ್ರೆ ಅದು ಎತ್ಕೊಂಡು ಹೋಗೋದು ಅಮ್ಮಣಿ."

ಅತ್ತೆ ಅವರನ್ನು ಒತ್ತಾಯಿಸಲಿಲ್ಲ. ಹಸಿದು ಹೋಗಬೇಡ ಎಂದು ಎಲೆ ಹಾಕಿದರು. ಅವರು ಉಂಡು, ಕೈತೊಳೆದು, ಸಂಜೆಯ ಬಸ್ಸಿಗೆ ಹೋದರು. ಗಂಡಸರು ಬೀಗದ ಮನೆಯನ್ನು ದಾಟಿ ಅತ್ತೆಯ ಸೂರಿನಿಂದ ಕೆಲಸ ಮುಂದುವರಿಸಿದರು. ಗಡಿಯ ಓಡನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಕೆರೆದ ಕೆಂಪು ಸೂರಿನ ನಡುವೆ ಬೀಗದ ಮನೆಯ ಪಟ್ಟಿ ಹಸಿರಾಗಿಯೇ ಉಳಿಯಿತು.

ಆ ಬಳಿಕ ನಂಜಪ್ಪ ಮಾವ ಹಾಸ್ಯ ಮಾಡುವುದನ್ನು ಬಿಟ್ಟರು. ತಿರುಪ್ಪೂರಿನಲ್ಲಿ ಬಟ್ಟೆ ಬಿಳುಪು ಮಾಡುವ ಪಟ್ಟರೆಯಲ್ಲಿ, ಎಂದರೆ ಸಣ್ಣ ಕಾರ್ಖಾನೆಯೊಂದರಲ್ಲಿ, ಅವರ ನಂಟರೊಬ್ಬರು ಕೆಲಸಕ್ಕಿದ್ದರು. ಅಲ್ಲಿಂದ ಒಂದು ಕ್ಯಾನಿನ ತುಂಬ ಬ್ಲೀಚಿಂಗ್ ನೀರು ಬಂತು. ನಮ್ಮ ಸುತ್ತಿನಲ್ಲಿ ಬಿಳುಪು ಮಾಡುವ ನೀರು ಉಪ್ಪಿನಷ್ಟೇ ಸುಲಭವಾಗಿ ಸಿಗುತ್ತದೆ. ಬಾವಿಕಟ್ಟೆ, ಬಚ್ಚಲು, ಸಿಮೆಂಟ್ ತೊಟ್ಟಿ ಎಲ್ಲಕ್ಕೂ ಅದೇ. ಓಡು ಎತ್ತಿದರೆ ತಾನೇ ಮಾತು. ಎತ್ತದೆ ನೀರು ಹೊಯ್ದರೆ ಪದ್ಧತಿಯೂ ಕೆಡುವುದಿಲ್ಲ, ಕೋರ್ಟೂ ಕೇಳುವುದಿಲ್ಲ ಎಂಬುದು ಮಾವನ ಲೆಕ್ಕ. ಸಾಲಿನವರೆಲ್ಲ ತಲೆದೂಗಿದರು. ಬಣ್ಣದ ಪಾವಿನ ಪಕ್ಕದಲ್ಲೇ ಬ್ಲೀಚೇ ಎಂದು ನಾನು ಕೇಳಿದೆ. ಮಾವ ಅದನ್ನೂ ಯೋಚಿಸಿದ್ದರು. ಮಗ್ಗದ ಮೇಲೆ ಮಡಿಕೆ ಮಡಿಕೆಯಾಗಿ ತಾಟುಪಾಳು ಹೊದಿಸಿ, ತಮ್ಮ ಸೂರಿನ ಮೇಲೆ ಅಂಗಾತ ಮಲಗಿಸಿದ ಏಣಿಯ ಮೇಲೆ ಕುಳಿತು, ಮೊಗೆಮೊಗೆದು ಬೀಗದ ಮನೆಯ ಮೇಲೆ ಹೊಯ್ದರು. ಆ ವಾಸನೆಗೆ ಬೀದಿಯಲ್ಲಿ ಎಲ್ಲರ ಕಣ್ಣಲ್ಲೂ ನೀರು. ಹಸಿರು ಕಂದಾಯಿತು, ಕಂದು ಬಿಳಿಚಿತು. ಒಳಗೆ ಒಂದು ತೊಟ್ಟೂ ಬೀಳಲಿಲ್ಲ. ಎರಡು ದಿನ ಬಿಸಿಲು ಕಾಯಿತು. ಎಲ್ಲ ಆವಿಯಾಗಿ ಹೋಯಿತೆಂದು ಅತ್ತೆ ತಾಟುಪಾಳು ತೆಗೆದು ನೇಯಲು ಕುಳಿತರು. ಆ ಪಾವಿನ ಬಣ್ಣ ಮಾಗಿದ ನೇರಳೆಯದು.

ಮಾರನೆಯ ಮಧ್ಯಾಹ್ನ ತುಂತುರು ಬಂತು. ಮಳೆ ಎನ್ನುವಂಥದ್ದೂ ಅಲ್ಲ. ಸತ್ತ ಪಾಚಿ ತನ್ನೊಳಗೆ ಬ್ಲೀಚನ್ನು ಸ್ಪಂಜಿನಂತೆ ಹೀರಿ ಇಟ್ಟುಕೊಂಡಿತ್ತು. ಹಿಡಿತ ತಪ್ಪಿದ ಅದು ಜಾರಿ, ಹಳೆಯ ದಾರಿಯನ್ನು ಮುಚ್ಚಿ, ನೀರಿಗೆ ಹೊಸ ದಾರಿ ಮಾಡಿಕೊಟ್ಟಿತು. ಅತ್ತೆಯ ಬೆನ್ನ ಹಿಂದೆ, ಯಾವತ್ತೂ ಸೋರದ ಜಾಗದಲ್ಲಿ, ಪಾವು ಉದ್ದಕ್ಕೆ ಹಾಸಿ ನಿಂತಿದ್ದೆಡೆ ಹನಿ ಬಿದ್ದಿತು. ಲಾಳಿಯ ಸದ್ದಿನಲ್ಲಿ ಅದು ಕೇಳಿಸಲಿಲ್ಲ. ನಾನು ಚಹಾ ತಂದಾಗ ನೇರಳೆಯ ಮೇಲೆ ಬಿಳಿ ಚುಕ್ಕೆಗಳನ್ನು ಕಂಡೆ. ಕ್ಷಣಕಾಲ ಅದೂ ವಿನ್ಯಾಸವೆಂದೇ ತಿಳಿದೆ. ನೋಡುತ್ತಿದ್ದಂತೆಯೇ ಚುಕ್ಕೆಗಳು ಹಿಗ್ಗುತ್ತಿದ್ದವು. ನನ್ನ ಮುಖ ನೋಡಿ ಅತ್ತೆ ತಿರುಗಿದರು. ಲಾಳಿಯನ್ನು ಕೆಳಗಿಟ್ಟು, ಸೆರಗಿನಿಂದ ಒಂದು ಚುಕ್ಕೆಯನ್ನು ಒತ್ತಿದರು. ಎಳೆಗಳು ಸೆರಗಿಗೇ ಅಂಟಿಕೊಂಡು ಬಂದವು. ಮತ್ತೆ ಒತ್ತಲಿಲ್ಲ. ಕುಣಿಯಿಂದ ಕಾಲು ಮೇಲೆತ್ತಿ ಅಂಚಿನಲ್ಲಿ ಕುಳಿತರು. ಮಾವ ಬಾಗಿಲಲ್ಲಿ ನಿಂತಿದ್ದವರು ಒಳಗೆ ಬರಲಿಲ್ಲ.

ಮುದಲಾಳಿ ಬಂದು ಪಾವನ್ನು ಬೆರಳಿಂದ ಮುಟ್ಟಿ ನೋಡಿದರು. ಅವರು ಕೆಟ್ಟವರಲ್ಲ, ಅತ್ತೆಯ ಕೈಗೆ ಸಮನಾದ ಕೈ ಈ ಸುತ್ತಿನಲ್ಲಿಲ್ಲ ಎಂದು ಅವರೇ ಹೇಳುತ್ತಿದ್ದವರು. ಪಾವನ್ನು ಕತ್ತರಿಸಿ ಸುತ್ತಿಕೊಂಡು ಹೋದರು. ಹೊಸದನ್ನು ಕಳಿಸುವ ಮಾತು ಅವರೂ ಎತ್ತಲಿಲ್ಲ, ಅತ್ತೆಯೂ ಕೇಳಲಿಲ್ಲ.

ಕಾರ್ತಿಕದ ಮಳೆಯಲ್ಲಿ ಬೀಗದ ಮನೆಯ ಹಿಂಬದಿಯ ಸೂರು ಕುಸಿಯಿತು. ರೀಪುಗಳು ಎಂದೋ ಕೊಳೆತು, ಪಾಚಿಯ ಹಿಡಿತದಲ್ಲೇ ನಿಂತಿದ್ದವೇನೋ. ಅಂದು ಸಂಜೆಯೊಳಗೆ ಅಣ್ಣನೂ ಬಂದರು, ತಂಗಿಯೂ ಬಂದರು. ಒಂದೇ ಛತ್ರಿಯ ಕೆಳಗಲ್ಲ, ಬೀದಿಯ ಎರಡು ಬದಿಯಲ್ಲಿ ನಿಂತು ನೋಡಿದರು. ವಕೀಲರಿಗೆ ಫೋನು ಹೋಯಿತು. ಬಿದ್ದದ್ದನ್ನು ಬಾಚುವುದು ರಿಪೇರಿಯಾಗುವುದಿಲ್ಲ, ಯಾರು ಬೇಕಾದರೂ ತೆಗೆಯಬಹುದು ಎಂದು ಎರಡೂ ಕಡೆಯವರು ಹೇಳಿದರಂತೆ. ಯಾರ ಸಹಿಯೂ ಬೇಕಾಗಲಿಲ್ಲ. ತಿಂಗಳುಗಟ್ಟಲೆ ನಾನು ಊರೂರು ತಿರುಗಿ ಬೇಡಿದ ಅನುಮತಿ, ಉಳಿಸಿಕೊಳ್ಳಲು ಏನೂ ಇಲ್ಲದಾದಾಗ ತಾನಾಗಿ ಸಿಕ್ಕಿತು. ಸಾಲಿನವರೆಲ್ಲ ಸೇರಿ ಒಂದು ಹಗಲಿನಲ್ಲಿ ಓಡು ಮಣ್ಣನ್ನೆಲ್ಲ ಹೊರಗೆ ಹಾಕಿದರು. ಜೊತೆಗೇ ಮುರಿದಿದ್ದ ಅತ್ತೆಯ ಮನೆಯ ಪಡುವಣ ಪಟ್ಟಿಗೆ ತಗಡಿನ ಶೀಟು ಬಂತು. ಅದರ ಕೆಳಗಿನ ಕುಣಿಗೆ ಕಡಪಾ ಕಲ್ಲು ಮುಚ್ಚಿದರು.

ನನ್ನ ತರಗತಿಯೂ ಅಲ್ಲಿಗೆ ನಿಂತಿತು. ಹೆಂಗಸರು ಬರುವುದನ್ನು ಬಿಟ್ಟದ್ದಲ್ಲ, ಅವರಿಗೆ ಕಲಿಸಲು ನನ್ನಲ್ಲಿ ದನಿ ಉಳಿದಿರಲಿಲ್ಲ. ಅರಿವಿನಿಂದ ಧೈರ್ಯ ಹುಟ್ಟುತ್ತದೆ ಎಂಬ ಮಾತನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಎಲ್ಲರಿಗೂ ಎಲ್ಲವೂ ಅರಿವಿದ್ದ ಬೀದಿಯೊಂದರಲ್ಲಿ, ಯಾರೂ ಕೆಟ್ಟವರಲ್ಲದ ಬೀದಿಯೊಂದರಲ್ಲಿ, ಒಂದು ಹಿಡಿ ಪಾಚಿಯನ್ನು ಕೆರೆದು ಹಾಕಲು ನಮ್ಮಿಂದಾಗಲಿಲ್ಲ.

ಮೆಟ್ಟಿಲಿನ ಆ ವಾಸನೆ ಬಿಡದೆ ಕಾಡಿದ್ದರಿಂದ ಮೊನ್ನೆಯ ಭಾನುವಾರ ಅತ್ತೆಯನ್ನು ನೋಡಿಬಂದೆ. ವಾರಕ್ಕೊಂದೇ ರಜೆ, ತಲೆಗೆ ಎಣ್ಣೆ ಹಚ್ಚಿಕೊಂಡು ಜಗಲಿಯಲ್ಲಿ ಕುಳಿತಿದ್ದರು. ತಿರುಪ್ಪೂರಿನ ಕಂಪನಿಯಲ್ಲಿ ಬನಿಯನ್ನುಗಳ ಹೊಲಿಗೆ ನೋಡಿ, ನೂಲು ಕತ್ತರಿಸುವ ಕೆಲಸ. ಬೀಗದ ಮನೆಯ ಕೇಸು ಇನ್ನೂ ನಡೆಯುತ್ತಿದೆ. ಬಯಲಾದ ಅದರ ನೆಲದಲ್ಲಿ ಹಸಿರು ಮೆತ್ತಿಕೊಂಡಿದೆ. ಕೆಲಸ ಹೇಗಿದೆ ಎಂದು ಕೇಳಿದೆ.

"ಪರವಾಯಿಲ್ಲೆ ಅಮ್ಮಣಿ. ಫ್ಯಾನ್ ಐತೆ, ಟೀ ಕೊಡ್ತಾರೆ," ಎಂದರು. ತಲೆಗೆ ಎಣ್ಣೆ ತಿಕ್ಕುತ್ತ, "ಅಲ್ಲಿ ಮಳೆ ಬಂದ್ರೆ ನಂಗೆ ತಿಳಿಯೋದೇ ಇಲ್ಲ. ಮೇಲೆ ನೋಡೋ ಕೆಲ್ಸ ಇಲ್ಲ," ಎಂದರು.

ಇದನ್ನು ಓದುತ್ತಿರುವವರಲ್ಲಿ ಒಂದು ಬೇಡಿಕೆ. ಎಲ್ಲಿಯೋ ಒಂದು ಊರಿನಲ್ಲಿ ನಿಮ್ಮ ಪಾಲಿರುವ, ಬೀಗ ಹಾಕಿದ ಮನೆಯೊಂದಿದ್ದರೆ, ಪಾಲಿನ ಜಗಳ ಎಷ್ಟು ಕಾಲ ಬೇಕಾದರೂ ನಡೆಯಲಿ. ಈ ಮಳೆ ಶುರುವಾಗುವ ಮುನ್ನ ಅಣ್ಣತಮ್ಮಂದಿರೋ ಅಕ್ಕತಂಗಿಯರೋ ಎಲ್ಲರೂ ಸಹಿ ಹಾಕಿ, ಸೂರನ್ನು ಕೆರೆದು ಶುಚಿ ಮಾಡಲು ಪಕ್ಕದ ಮನೆಯವರಿಗೆ ಒಪ್ಪಿಗೆ ಕೊಡಿ. ಇನ್ನೊಬ್ಬರು ಮೊದಲು ಸಹಿ ಹಾಕಲೆಂದು ಕಾಯಬೇಡಿ, ದಯವಿಟ್ಟು ನೀವೇ ಮೊದಲು ಹಾಕಿ.